ರೀಲು ಕೇಳುವವರು ಮತ್ತೆ ಬಂದಿದ್ದಾರೆ

ಹಳೆ ಪೇಟೆ ಬೀದಿಯಲ್ಲೊಂದು ಫೋಟೊ ಸ್ಟುಡಿಯೊ. ಮುಂದಿನ ಗಾಜಿನ ಮೇಲೆ ‘ಐದು ನಿಮಿಷದಲ್ಲಿ ಪಾಸ್‌ಪೋರ್ಟ್ ಫೋಟೊ’ ಎಂಬ ಸ್ಟಿಕ್ಕರ್, ಲ್ಯಾಮಿನೇಷನ್ ದರಪಟ್ಟಿ, ಮೊಬೈಲ್ ಕವರುಗಳ ಸಾಲು. ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಬಂದ ಹುಡುಗಿಯೊಬ್ಬಳು ಬಟ್ಟೆಚೀಲದಿಂದ ಕಂದು ಚರ್ಮದ ಪೆಟ್ಟಿಗೆಯೊಂದನ್ನು ತೆಗೆದು ಕೌಂಟರಿನ ಮೇಲಿಡುತ್ತಾಳೆ. ತಾತನ ಬೀರುವಿನಲ್ಲಿ ಸಿಕ್ಕ ಯಾಶಿಕಾ. ‘ಸಾರ್, ಇದಕ್ಕೆ ರೀಲು ಸಿಗುತ್ತಾ?’

ಕಂಪ್ಯೂಟರಿನಲ್ಲಿ ಮದುವೆ ಆಲ್ಬಮ್ ತಿದ್ದುತ್ತಿದ್ದ ಹುಡುಗನಿಗೆ ಉತ್ತರ ಗೊತ್ತಿಲ್ಲ. ಅವನು ಶಾಲೆಗೆ ಸೇರುವ ಹೊತ್ತಿಗೇ ಅಂಗಡಿಯಲ್ಲಿ ರೀಲಿನ ವ್ಯಾಪಾರ ನಿಂತಿತ್ತು. ಅವನು ಒಳಗೆ ಕೂಗುತ್ತಾನೆ. ಅಂಗಡಿಯ ಹಿರಿಯರು ಬಂದು, ಕನ್ನಡಕ ಹಣೆಗೇರಿಸಿ, ಕ್ಯಾಮೆರಾ ಕೈಗೆತ್ತಿಕೊಳ್ಳುತ್ತಾರೆ. ಹೆಬ್ಬೆರಳು ತಾನೇ ತಾನಾಗಿ ಲಿವರ್ ಹುಡುಕಿ ಎಳೆಯುತ್ತದೆ. ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತುತ್ತಾರೆ, ಇನ್ನೊಮ್ಮೆ ಒತ್ತುತ್ತಾರೆ. ‘ಶಟರ್ ಚೆನ್ನಾಗಿದೆ. ಬ್ಯಾಟರಿ ಮಾತ್ರ ಈಗ ಬರಲ್ಲ, ಅದಕ್ಕೊಂದು ದಾರಿ ಮಾಡೋಣ’ ಎನ್ನುತ್ತಾರೆ.

ಫಿಲ್ಮ್ ಛಾಯಾಗ್ರಹಣ ಮರಳಿ ಬಂದಿದೆ ಎಂಬ ಸುದ್ದಿಯನ್ನು ನೀವು ಓದಿರುತ್ತೀರಿ. ಇಪ್ಪತ್ತರ ಹರೆಯದವರು ಹಳೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಕಬ್ಬನ್ ಪಾರ್ಕಿನಲ್ಲಿ, ದೇವರಾಜ ಮಾರುಕಟ್ಟೆಯಲ್ಲಿ, ಹಂಪಿಯಲ್ಲಿ ಓಡಾಡುವುದನ್ನು ನೋಡಿಯೂ ಇರುತ್ತೀರಿ. ಕ್ಯಾಮೆರಾವನ್ನಾಗಲಿ ರೀಲನ್ನಾಗಲಿ ಮನೆಯಲ್ಲಿ ಕೂತೇ ತರಿಸಿಕೊಳ್ಳಬಹುದು. ಶಟರಿನ ಸದ್ದು ಕೇಳಿ ಕಾಯಿಲೆ ಹೇಳುವ ಆ ಕಿವಿಯನ್ನು ತರಿಸಿಕೊಳ್ಳಲಾಗದು. ಸರಿಯಾದ ಬಿಸಿಯಲ್ಲಿ ಸದಾ ಸಿದ್ಧವಾಗಿರುವ ರಾಸಾಯನಿಕದ ತೊಟ್ಟಿಯೂ ಹಾಗೆಯೇ. ಹತ್ತಿರದಲ್ಲೊಂದು ಅಂಗಡಿ ಉಳಿಯದಿದ್ದರೆ ಈ ಹವ್ಯಾಸ ಉಳಿಯುವುದಿಲ್ಲ ಎಂಬುದು ನನ್ನ ಖಚಿತ ನಂಬಿಕೆ. ಇದಕ್ಕೆ ಭಾವುಕತೆಗಿಂತ ಗಟ್ಟಿಯಾದ ಕಾರಣಗಳಿವೆ. ಬಹುಪಾಲು ಕಾರಣಗಳು ಕೌಂಟರಿನ ಹಿಂದಿನ ಕೋಣೆಯಲ್ಲಿವೆ.

ಮುಂದೆ ಕೌಂಟರು, ಹಿಂದೆ ಕತ್ತಲೆ ಕೋಣೆ

ಬೆಂಗಳೂರಿನ ಜಿ.ಕೆ. ವೇಲ್ ಆರಂಭವಾದದ್ದು 1910ರಲ್ಲಿ. ಅಂಥ ದೊಡ್ಡ ಹೆಸರಿನಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದೆದುರಿನ ಪುಟ್ಟ ಸ್ಟುಡಿಯೊವರೆಗೆ ಒಳಗಿನ ಏರ್ಪಾಡು ಹೆಚ್ಚುಕಡಿಮೆ ಒಂದೇ. ಮುಂದೆ ಕೌಂಟರು, ನಡುವೆ ಪರದೆ ಮತ್ತು ಕುರ್ಚಿ, ಹಿಂದೆ ಕತ್ತಲೆ ಕೋಣೆ. ಕ್ಯಾಮೆರಾ ಮಾರುವುದು, ರೀಲು ತುಂಬಿಕೊಡುವುದು, ತೊಳೆಯುವುದು, ಪ್ರಿಂಟ್ ಹಾಕುವುದು, ಮುಖದ ಮೇಲಿನ ಬಿಳಿ ಚುಕ್ಕೆಗೆ ಸಣ್ಣ ಕುಂಚದಲ್ಲಿ ‘ಟಚಿಂಗ್’ ಮಾಡುವುದು, ಎಲ್ಲವೂ ಬಹಳ ಕಡೆ ಒಬ್ಬರದೇ ಕೆಲಸ.

ಮಧ್ಯಮ ವರ್ಗದ ಮನೆಗೆ ಬಂದ ಕ್ಯಾಮೆರಾಗಳಲ್ಲಿ ಅಗ್ಫಾ ಕ್ಲಿಕ್ ತ್ರೀಗೆ ಬೇರೆಯೇ ಸ್ಥಾನವಿದೆ. ವಡೋದರದಲ್ಲಿ ತಯಾರಾಗುತ್ತಿದ್ದ ಅದಕ್ಕೆ 120 ಅಳತೆಯ ರೀಲು ಹಾಕಿದರೆ 12 ಚಿತ್ರ. ನಮ್ಮ ನೆರೆಯ ಊಟಿಯಲ್ಲೇ ರೀಲಿನ ಕಾರ್ಖಾನೆಯೂ ಇತ್ತು. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಉದ್ಯಮ ಹಿಂದುಸ್ತಾನ್ ಫೋಟೊ ಫಿಲ್ಮ್ಸ್, ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು ಬಿಳುಪು ರೀಲು, ಪ್ರಿಂಟಿನ ಕಾಗದ, ಎಕ್ಸ್‌ರೇ ಫಿಲ್ಮ್‌ಗಳನ್ನು ತಯಾರಿಸಿತು. ಬಂಡೀಪುರ ದಾಟಿ ಗೂಡಲೂರಿನ ಮೇಲೆ ಊಟಿಗೆ ಹೋದವರಿಗೆ ಇಂದುನಗರ ಎಂಬ ಹೆಸರು ಪರಿಚಿತ. ಇದರ ಜೊತೆಗೆ ಪೂರ್ವ ಜರ್ಮನಿಯಿಂದ ಬರುತ್ತಿದ್ದ ಓರ್ವೊ ಫಿಲ್ಮ್ ಇತ್ತು. ಆ ಕಾಲದ ಸ್ಟುಡಿಯೊ ಮಾಲೀಕರ ಬಾಯಲ್ಲಿ ಈ ಹೆಸರುಗಳು ಈಗಲೂ ಬರುತ್ತವೆ.

ಕನ್ನಡ ನಾಡಿನ ಛಾಯಾಗ್ರಹಣಕ್ಕೆ ಹೆಸರು ತಂದ ಚಿತ್ರಗಳು ಮೂಡಿದ್ದು ಇಂಥ ರೀಲಿನ ಬೆಳ್ಳಿಯ ಲೇಪದ ಮೇಲೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಜನಜೀವನದ ಚಿತ್ರಗಳು, ಸಂಡೂರಿನ ಎಂ.ವೈ. ಘೋರ್ಪಡೆ ಅವರ ಕಪ್ಪು ಬಿಳುಪಿನ ಕಾಡುಪ್ರಾಣಿಗಳು, ಟಿ.ಎನ್.ಎ. ಪೆರುಮಾಳ್ ಅವರ ಹಕ್ಕಿಗಳು. ಭಾರತೀಯ ಛಾಯಾಗ್ರಾಹಕರ ಒಕ್ಕೂಟ 1953ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಹವ್ಯಾಸಿಗಳ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಅಲ್ಲೇ 1971ರಲ್ಲಿ ಶುರುವಾಯಿತು. ಕ್ಲಬ್ಬಿನ ಸಭೆ ಇರುವುದು ತಿಂಗಳಿಗೆ ಕೆಲವು ಸಲ. ಉಳಿದ ದಿನಗಳಲ್ಲಿ ಹವ್ಯಾಸಿಗಳು ಒಬ್ಬರನ್ನೊಬ್ಬರು ಕಾಣುತ್ತಿದ್ದದ್ದು ಕ್ಯಾಮೆರಾ ಅಂಗಡಿಯ ಕೌಂಟರಿನಲ್ಲಿ.

ಬಣ್ಣ ಬಂತು, ಯಂತ್ರ ಬಂತು

ಕತ್ತಲೆ ಕೋಣೆಯನ್ನು ಮೊದಲು ಮುಚ್ಚಿಸಿದ್ದು ಡಿಜಿಟಲ್ ಅಲ್ಲ, ಬಣ್ಣ. ಬಣ್ಣದ ರೀಲನ್ನು ತೊಳೆಯುವ ಸಿ-41 ಎಂಬ ವಿಧಾನವನ್ನು ಕೊಡಕ್ 1972ರಲ್ಲಿ ತಂದಿತು. ಕ್ರಮೇಣ ಬೇರೆ ಕಂಪನಿಗಳೂ ಅದನ್ನೇ ಅನುಸರಿಸಿದವು. ಅದರಿಂದ ಒಂದು ದೊಡ್ಡ ಅನುಕೂಲವಾಯಿತು. ಕೊಡಕ್ ಇರಲಿ, ಫ್ಯೂಜಿ ಇರಲಿ, ಕೊನಿಕಾ ಇರಲಿ, ರೀಲು ಯಾವುದಾದರೂ ಅದೇ ರಾಸಾಯನಿಕ, ಅದೇ ಬಿಸಿ, ಅದೇ ಹೊತ್ತು. ಹಾಗಾಗಿ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದಿತ್ತು. ಜಪಾನಿನ ನೊರಿತ್ಸು ಕಂಪನಿ 1970ರ ದಶಕದ ಕೊನೆಯ ವರ್ಷಗಳಲ್ಲಿ ಅಂಗಡಿಯೊಳಗೇ ಕೂರಿಸಬಹುದಾದ ‘ಮಿನಿಲ್ಯಾಬ್’ ಮಾಡಿತು. ದೂರದ ದೊಡ್ಡ ಕಾರ್ಖಾನೆಯಲ್ಲಿ ಆಗುತ್ತಿದ್ದ ಕೆಲಸ ಪೇಟೆ ಬೀದಿಗೆ ಬಂತು.

1990ರ ದಶಕದಲ್ಲಿ ನಮ್ಮ ಊರೂರಲ್ಲೂ ಹಳದಿ ಕೊಡಕ್ ಎಕ್ಸ್‌ಪ್ರೆಸ್, ಹಸಿರು ಫ್ಯೂಜಿ, ನೀಲಿ ಕೊನಿಕಾ ಬೋರ್ಡುಗಳು ಎದ್ದವು. ಕೊಡಕ್ ಕೆಬಿ-10 ಹಿಡಿದು ಧರ್ಮಸ್ಥಳಕ್ಕೋ ಜೋಗಕ್ಕೋ ಹೋಗಿ ಬಂದವರು, ಬೆಳಿಗ್ಗೆ ರೀಲು ಕೊಟ್ಟು ಸಂಜೆ ಮ್ಯಾಕ್ಸಿ ಸೈಜಿನ ಪ್ರಿಂಟು ಪಡೆಯುತ್ತಿದ್ದರು. 36 ಚಿತ್ರಗಳ ರೀಲಿನಲ್ಲಿ 37ನೆಯದು ಬಂದರೆ ಮನೆಯವರಿಗೆಲ್ಲ ಸಂಭ್ರಮ.

ಇಳಿಜಾರು ಬಹಳ ಬೇಗ ಬಂತು. 2006ರಲ್ಲಿ ಕೊನಿಕಾ ಮಿನೋಲ್ಟಾ ಫೋಟೊ ವ್ಯವಹಾರದಿಂದಲೇ ಹೊರಬಿತ್ತು. ಅದೇ ವರ್ಷ ನಿಕಾನ್ ಎರಡು ಮಾದರಿ ಬಿಟ್ಟು ಉಳಿದ ಫಿಲ್ಮ್ ಕ್ಯಾಮೆರಾಗಳನ್ನು ನಿಲ್ಲಿಸುವುದಾಗಿ ಹೇಳಿತು. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಊಟಿಯ ಕಾರ್ಖಾನೆ ಅದಕ್ಕೂ ಎಷ್ಟೋ ಮೊದಲೇ ನಷ್ಟದಲ್ಲಿ ಮುಳುಗಿ ರೋಗಗ್ರಸ್ತವಾಗಿತ್ತು. ಅಂಗಡಿಗಳು ಯಂತ್ರದ ಪ್ರಿಂಟ್ ಹಾಕುವ ಭಾಗವನ್ನು ಡಿಜಿಟಲ್ ಫೋಟೊಗಾಗಿ ಉಳಿಸಿಕೊಂಡವು. ರೀಲು ತೊಳೆಯುವ ಭಾಗ ಹೆಚ್ಚಿನ ಕಡೆ ಗುಜರಿಗೆ ಹೋಯಿತು. ಇವತ್ತಿನ ತೊಂದರೆಯ ಮೂಲ ಆ ಮಾರಾಟದಲ್ಲಿದೆ.

ಪೂರ್ತಿ ಮುಗಿಯಿತು ಎಂದುಕೊಂಡಾಗ ಬೇಡಿಕೆ ಮತ್ತೆ ಚಿಗುರಿತು. 2012ರಲ್ಲಿ ನಿಲ್ಲಿಸಿದ್ದ ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮನ್ನು ಕೊಡಕ್ 2018ರಲ್ಲಿ ಮತ್ತೆ ತಂದಿತು. ಫ್ಯೂಜಿ ತನ್ನ ಏಕ್ರೋಸ್ ಕಪ್ಪು ಬಿಳುಪು ಫಿಲ್ಮನ್ನು ನಿಲ್ಲಿಸಿ ಮರುವರ್ಷವೇ ಹೊಸ ರೂಪದಲ್ಲಿ ಹೊರತಂದಿತು. 2024ರಲ್ಲಿ ಪೆಂಟಾಕ್ಸ್ 17 ಎಂಬ ಹೊಚ್ಚ ಹೊಸ ಫಿಲ್ಮ್ ಕ್ಯಾಮೆರಾವೇ ಮಾರುಕಟ್ಟೆಗೆ ಬಂತು. ಒಂದು ಚೌಕಟ್ಟಿನ ಜಾಗದಲ್ಲಿ ಎರಡು ಚಿತ್ರ ಹಿಡಿಯುವ ಅದರಲ್ಲಿ 36ರ ರೀಲು 72 ಚಿತ್ರ ಕೊಡುತ್ತದೆ. ಕಂಪನಿಗಳು ಮರಳಿದಷ್ಟು ಸುಲಭವಾಗಿ ಪೇಟೆ ಬೀದಿಯ ಲ್ಯಾಬುಗಳು ಮರಳಲಾರವು.

ತೊಟ್ಟಿಯೊಳಗೆ ನಡೆಯುವುದೇನು

ರೀಲಿನ ಮೇಲೆ ಜೆಲಟಿನ್‌ನ ತೆಳು ಪದರವಿದೆ. ಅದರೊಳಗೆ ಬೆಳ್ಳಿಯ ಲವಣದ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ. ಶಟರ್ ತೆರೆದ ಕ್ಷಣದಲ್ಲಿ ಬೆಳಕು ತಾಗಿದ ಹರಳುಗಳಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬೇರ್ಪಡುತ್ತವೆ. ಚಿತ್ರ ಆಗಲೇ ಮೂಡಿರುತ್ತದೆ, ಆದರೆ ಎಷ್ಟು ದೊಡ್ಡ ಸೂಕ್ಷ್ಮದರ್ಶಕ ಹಿಡಿದರೂ ಕಾಣುವುದಿಲ್ಲ. ಡೆವಲಪರ್ ದ್ರಾವಣದಲ್ಲಿ ಮುಳುಗಿಸಿದಾಗ, ಬೆಳಕು ತಾಗಿದ ಹರಳು ಇಡಿಯಾಗಿ ಕಪ್ಪು ಬೆಳ್ಳಿಯಾಗುತ್ತದೆ. ತಾಗದ ಹರಳು ಹಾಗೇ ಉಳಿಯುತ್ತದೆ. ಉಳಿದದ್ದನ್ನು ಕರಗಿಸಿ ತೆಗೆಯುವುದು ‘ಹೈಪೊ’. ಸ್ಟುಡಿಯೊದೊಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯುತ್ತಿದ್ದ ಹುಳಿ ಮಿಶ್ರಿತ ವಾಸನೆ ಹೆಚ್ಚಾಗಿ ಈ ಹೈಪೊ ತೊಟ್ಟಿಯದು.

ಬಣ್ಣದ ರೀಲಿನಲ್ಲಿ ಇಂಥ ಪದರಗಳು ನೀಲಿ, ಹಸಿರು, ಕೆಂಪು ಬೆಳಕಿಗೆ ಬೇರೆ ಬೇರೆಯಾಗಿವೆ. ಡೆವಲಪರ್ ಕೆಲಸ ಮಾಡಿದಲ್ಲೆಲ್ಲ ಬೆಳ್ಳಿಯ ಪಕ್ಕದಲ್ಲಿ ಬಣ್ಣವೂ ಹುಟ್ಟುತ್ತದೆ. ಮುಂದಿನ ತೊಟ್ಟಿಗಳಲ್ಲಿ ಬೆಳ್ಳಿಯನ್ನು ತೆಗೆದರೆ ಬಣ್ಣ ಮಾತ್ರ ಉಳಿಯುತ್ತದೆ. ಮೊದಲ ತೊಟ್ಟಿಯಲ್ಲಿ ರೀಲು ಇರಬೇಕಾದದ್ದು 3 ನಿಮಿಷ 15 ಸೆಕೆಂಡು, ದ್ರಾವಣದ ಬಿಸಿ 37.8 ಡಿಗ್ರಿ ಸೆಲ್ಸಿಯಸ್. ಇದರಲ್ಲಿ ಕಾಲು ಡಿಗ್ರಿಯಷ್ಟು ಏರುಪೇರಾದರೂ ಮೂರು ಪದರಗಳ ನಡುವಿನ ಹೊಂದಾಣಿಕೆ ತಪ್ಪತೊಡಗುತ್ತದೆ. ಮುಖ ಹಸಿರಾಗುತ್ತದೆ, ನೆರಳು ನೇರಳೆಯಾಗುತ್ತದೆ.

ಈಗ ಮುಖ್ಯ ಸಂಗತಿಗೆ ಬರೋಣ. ತೊಳೆದ ಪ್ರತಿ ರೀಲೂ ಡೆವಲಪರಿನ ಸ್ವಲ್ಪ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಹೀರಿದಷ್ಟಕ್ಕೆ ಲೆಕ್ಕ ಹಾಕಿ ಯಂತ್ರ ಹೊಸ ದ್ರಾವಣವನ್ನು ತೊಟ್ಟಿಗೆ ಸೇರಿಸುತ್ತದೆ. ದಿನವೂ ರೀಲು ಬರುತ್ತಿದ್ದರೆ ಹಳತು ಹೋಗಿ ಹೊಸತು ಬಂದು ತೊಟ್ಟಿ ವರ್ಷಗಟ್ಟಲೆ ಒಂದೇ ಹದದಲ್ಲಿರುತ್ತದೆ. ರೀಲು ಬರದಿದ್ದರೆ ಹೊಸ ದ್ರಾವಣ ಸೇರುವುದಿಲ್ಲ. ಬಿಸಿಯಲ್ಲಿ ತೆರೆದೇ ಇರುವ ತೊಟ್ಟಿಯ ಡೆವಲಪರ್ ಗಾಳಿಯ ಆಮ್ಲಜನಕ ತಾಗಿ ಕಪ್ಪಗಾಗುತ್ತದೆ. ಸೇದದ ಬಾವಿಯ ನೀರು ಕೆಡುತ್ತದಲ್ಲ, ಹಾಗೆ. ಆಗ ತೊಟ್ಟಿಯನ್ನು ಪೂರ್ತಿ ಚೆಲ್ಲಿ ಹೊಸದು ತುಂಬಬೇಕು. ವಾರಕ್ಕೆ ನಾಲ್ಕು ರೀಲು ಬರುವ ಅಂಗಡಿಗೆ ಆ ಖರ್ಚು ಗಿಟ್ಟುವುದಿಲ್ಲ.

ಆದ್ದರಿಂದಲೇ ಎಷ್ಟೋ ಲ್ಯಾಬುಗಳು ರೀಲುಗಳನ್ನು ಕೂಡಿಟ್ಟುಕೊಂಡು ವಾರದಲ್ಲೊಂದು ದಿನ ಯಂತ್ರ ಹಚ್ಚುತ್ತವೆ. ಇನ್ನು ಕೆಲವರು ಬಂದ ರೀಲುಗಳನ್ನು ದೊಡ್ಡ ನಗರದ ಲ್ಯಾಬಿಗೆ ಕೊರಿಯರ್ ಮಾಡುತ್ತಾರೆ. ‘ಮುಂದಿನ ಬುಧವಾರ ಬನ್ನಿ’ ಎಂದು ಅಂಗಡಿಯವರು ಹೇಳಿದರೆ ಅದು ಉದಾಸೀನವಲ್ಲ, ನಿಮ್ಮ ಚಿತ್ರದ ಬಣ್ಣ ಕಾಪಾಡುವ ಎಚ್ಚರಿಕೆ. ಹೊಸದಾಗಿ ಫಿಲ್ಮ್ ಹಿಡಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹತ್ತಿರದ ಅಂಗಡಿ ಬಣ್ಣದ ರೀಲು ತೊಳೆಯುತ್ತಿದ್ದರೆ ಅಲ್ಲಿಗೇ ಕೊಡಿ. ಎಲ್ಲೋ ಐವತ್ತು ರೂಪಾಯಿ ಕಡಿಮೆ ಎಂದು ಬೇರೆಡೆ ಕಳಿಸಬೇಡಿ. ನಿಮ್ಮ ರೀಲು ನೆರೆಹೊರೆಯ ಹತ್ತು ಜನರ ರೀಲಿಗೆ ತೊಟ್ಟಿಯನ್ನು ಹದವಾಗಿಡುತ್ತದೆ.

ಕಪ್ಪು ಬಿಳುಪಿನ ಕಥೆ ಬೇರೆ. ಅಲ್ಲಿ ಎಲ್ಲ ರೀಲಿಗೂ ಒಂದೇ ಹೊತ್ತು ಎಂಬುದಿಲ್ಲ. ಇಲ್ಫೋರ್ಡ್ ಎಚ್‌ಪಿ-5 ಒಂದಕ್ಕೆ, ಕೊಡಕ್ ಟ್ರೈ-ಎಕ್ಸ್ ಇನ್ನೊಂದಕ್ಕೆ, ಚೆಕ್ ದೇಶದ ಫೋಮಾ ಮತ್ತೊಂದಕ್ಕೆ. ಡೆವಲಪರ್ ಬದಲಾದರೆ ಲೆಕ್ಕವೂ ಬದಲು. ಕಂಪನಿಗಳ ಪಟ್ಟಿಯಲ್ಲಿರುವ ಹೊತ್ತು 20 ಡಿಗ್ರಿಗೆ ಕೊಟ್ಟದ್ದು. ಏಪ್ರಿಲ್‌ನಲ್ಲಿ ಕಲಬುರಗಿಯ ನಲ್ಲಿ ನೀರು 20 ಡಿಗ್ರಿ ಇರುವುದೆಲ್ಲಿ? ಹಾಗಾಗಿ ಹಳೆಯ ಸ್ಟುಡಿಯೊದವರು ದ್ರಾವಣದ ಬಾಟಲಿಯನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿಟ್ಟು ತಣಿಸುತ್ತಿದ್ದರು. ಇಲ್ಲವೇ ಬಿಸಿಗೆ ತಕ್ಕಂತೆ ಹೊತ್ತು ತಗ್ಗಿಸುತ್ತಿದ್ದರು. ಈ ತಿಳಿವಳಿಕೆ ಇವತ್ತಿಗೂ ಕೌಂಟರಿನ ಹಿಂದಿನ ಹಿರಿಯರ ತಲೆಯಲ್ಲಿದೆ. ಕೇಳಿದರೆ ಸಂತೋಷದಿಂದ ಹೇಳಿಕೊಡುತ್ತಾರೆ. ಕಪ್ಪು ಬಿಳುಪು ರೀಲನ್ನು ಮನೆಯ ಬಚ್ಚಲಲ್ಲೇ ತೊಳೆಯಲು ಕಲಿಯಬಹುದು, ಕಲಿಯಬೇಕು ಕೂಡ. ಬೇಕಾದದ್ದು ಬೆಳಕು ನುಗ್ಗದ ಒಂದು ಡಬ್ಬಿ, ಕೈ ತೂರಿಸುವ ಕಪ್ಪು ಚೀಲ, ಥರ್ಮಾಮೀಟರ್ ಮತ್ತು ಎರಡು ದ್ರಾವಣ.

ಹಳೆಯ ಕ್ಯಾಮೆರಾ ಕೊಳ್ಳುವವರಿಗೆ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಕ್ಯಾಮೆರಾಗಳು ಕಾಣುತ್ತವೆ. ದೆಹಲಿಯ ಚಾಂದನಿ ಚೌಕದಲ್ಲಿ ಕೂಚಾ ಚೌಧರಿ ಎಂಬ ಫೋಟೊ ಮಾರುಕಟ್ಟೆಯೇ ಇದೆ. ಸಂತೆಯ ಕ್ಯಾಮೆರಾ ಅಗ್ಗ. ಅಂಗಡಿಯದು ಅದಕ್ಕಿಂತ ದುಬಾರಿ. ನಡುವಿನ ವ್ಯತ್ಯಾಸಕ್ಕೆ ನೀವು ಪಡೆಯುವುದು ಪರೀಕ್ಷೆ ಮಾಡಿದ ಕೈ, ತೊಂದರೆ ಬಂದರೆ ಮರಳಿ ಹೋಗಬಹುದಾದ ಬಾಗಿಲು.

ಒಳ್ಳೆಯ ಅಂಗಡಿಯವರು ಕ್ಯಾಮೆರಾ ತೋರಿಸುವ ಕ್ರಮವನ್ನು ಗಮನವಿಟ್ಟು ನೋಡಬೇಕು. ಮೊದಲು ಹಿಂಬದಿಯ ಬಾಗಿಲು ತೆರೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತುತ್ತಾರೆ. ಒಳಗಿನ ಗಡಿಯಾರದ ಚಕ್ರಗಳು ‘ಝ್‌ಝ್‌ಝ್’ ಎಂದು ಒಂದೇ ಸಮನೆ ಸುತ್ತಿ ನಿಲ್ಲಬೇಕು. ನಡುವೆ ತಡವರಿಸಿದರೆ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. ಆಮೇಲೆ ಒಂದೊಂದೇ ವೇಗ ಏರಿಸುತ್ತ ಹೋಗಿ 1000ದಲ್ಲೊಂದು ಭಾಗದವರೆಗೆ ಕೇಳಿಸುತ್ತಾರೆ. ಲೆನ್ಸಿನೊಳಕ್ಕೆ ಓರೆಯಾಗಿ ಟಾರ್ಚ್ ಹಾಯಿಸುತ್ತಾರೆ. ಎದುರಿಗೆ ನೋಡಿದರೆ ಶುಭ್ರವಾಗಿ ಕಂಡ ಗಾಜಿನಲ್ಲಿ ಆಗ ಜೇಡನ ಬಲೆಯಂಥ ಎಳೆಗಳು ಕಾಣಬಹುದು. ಅದು ಬೂಷ್ಟು. ನಮ್ಮ ಹವೆಯಲ್ಲಿ ಕ್ಯಾಮೆರಾದ ದೊಡ್ಡ ಶತ್ರು ಅದೇ.

ಯಾವ ಕ್ಯಾಮೆರಾ ಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳ. ಬ್ಯಾಟರಿ ಇಲ್ಲದೆಯೂ ಶಟರ್ ಓಡುವಂಥದ್ದು. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ-1000, ನಿಕಾನ್ ಎಫ್‌ಎಂ ಸಾಲಿನವು, ನಮ್ಮ ಎಷ್ಟೋ ಫೋಟೊಗ್ರಫಿ ವಿದ್ಯಾರ್ಥಿಗಳು ಕಲಿತ ಎಫ್‌ಎಂ-10. ಇವುಗಳಲ್ಲಿ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವುದಕ್ಕೆ ಮಾತ್ರ. ಅಂಗೈಯಗಲದ, ಎಲ್ಲವನ್ನೂ ತಾನೇ ಮಾಡುವ 1990ರ ದಶಕದ ಕ್ಯಾಮೆರಾಗಳಿಗೆ ಈಗ ಬೆಲೆ ಏರಿದೆ. ಆದರೆ ಅವುಗಳೊಳಗಿನ ಎಲೆಕ್ಟ್ರಾನಿಕ್ ಹಲಗೆ ಕೆಟ್ಟರೆ ಬದಲಿ ಭಾಗ ಸಿಗುವುದಿಲ್ಲ. ರಿಪೇರಿಯವರು ಅದನ್ನು ತೆರೆಯಲೂ ಹಿಂಜರಿಯುತ್ತಾರೆ.

ಮೊದಲ ರೀಲನ್ನು ಕೌಂಟರಿನಲ್ಲೇ ತುಂಬಿಸಿಕೊಳ್ಳಿ. ಫಿಲ್ಮಿನ ನಾಲಿಗೆ ಎದುರು ಬದಿಯ ಉರುಳೆಗೆ ಸಿಕ್ಕಿಕೊಳ್ಳದಿದ್ದರೆ ಲೆಕ್ಕದ ಮುಳ್ಳು ಮುಂದೆ ಹೋಗುತ್ತಲೇ ಇರುತ್ತದೆ, ರೀಲು ಮಾತ್ರ ಕದಲಿರುವುದಿಲ್ಲ. ಇದನ್ನು ತಿಳಿಯುವ ಉಪಾಯ ಅಂಗಡಿಯವರಿಗೆಲ್ಲ ಗೊತ್ತು. ಲಿವರ್ ಎಳೆದಾಗ ಎಡಬದಿಯ ರಿವೈಂಡ್ ಗುಂಡಿಯೂ ತಿರುಗಬೇಕು. ತಿರುಗದಿದ್ದರೆ ಒಳಗೆ ಏನೂ ನಡೆಯುತ್ತಿಲ್ಲ.

ಬೂಷ್ಟು, ಬ್ಯಾಟರಿ, ಕರಗಿದ ಸ್ಪಂಜು

ರಿಪೇರಿಯವರ ಮೇಜಿಗೆ ಬರುವ ಕಾಯಿಲೆಗಳು ಹೆಚ್ಚಿಲ್ಲ, ಆದರೆ ಹಠಮಾರಿಗಳು. ಕರಾವಳಿ ಮತ್ತು ಮಲೆನಾಡಿನಿಂದ ಬರುವ ಕ್ಯಾಮೆರಾಗಳಲ್ಲಿ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಲೆನ್ಸು ಅದಕ್ಕೆ ಹೇಳಿ ಮಾಡಿಸಿದ ಜಾಗ. ಚರ್ಮ ತೇವ ಹಿಡಿಯುತ್ತದೆ, ಕತ್ತಲು ಬೇರೆ. ಆರಂಭದಲ್ಲೇ ಬಿಚ್ಚಿ ಒರೆಸಿದರೆ ಹೋಗುತ್ತದೆ. ಬಿಟ್ಟರೆ ಅದು ಸ್ರವಿಸುವ ಆಮ್ಲ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಆ ಗಾಯ ಮಾಯುವುದಿಲ್ಲ. ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಎಲ್ಲಕ್ಕಿಂತ ಮಿಗಿಲಾಗಿ ಬಳಸುತ್ತಿರಿ. ಬಿಸಿಲು ಕಂಡ ಲೆನ್ಸಿಗೆ ಬೂಷ್ಟು ಕಡಿಮೆ.

ಎರಡನೆಯದು ಬ್ಯಾಟರಿ. 1960-70ರ ದಶಕದ ಹಲವು ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದವು. ಪಾದರಸ ವಿಷವೆಂಬ ಕಾರಣಕ್ಕೆ ಅವು ಮಾರುಕಟ್ಟೆಯಿಂದ ಹೋದವು. ಈಗಿನ 1.5 ವೋಲ್ಟಿನ ಬ್ಯಾಟರಿ ಹಾಕಿದರೆ ಅಳತೆ ತಪ್ಪುತ್ತದೆ. ರಿಪೇರಿಯವರು ಹೇಳಿಕೊಡುವ ಉಪಾಯ ಮೆಡಿಕಲ್ ಶಾಪಿನಲ್ಲಿದೆ. ಶ್ರವಣ ಸಾಧನಕ್ಕೆ ಹಾಕುವ 675 ಅಳತೆಯ ಬ್ಯಾಟರಿ ಸುಮಾರು 1.4 ವೋಲ್ಟಿನದು, ಹಳೆಯದಕ್ಕೆ ಹತ್ತಿರ. ಅಂಟುಪಟ್ಟಿ ಕಿತ್ತಮೇಲೆ ಕೆಲವು ವಾರ ಮಾತ್ರ ಬಾಳುತ್ತದೆ, ಆದರೆ ಅಗ್ಗ. ನಾಲ್ಕೈದು ಕೊಂಡಿಟ್ಟುಕೊಂಡರೆ ಸಾಕು.

ಮೂರನೆಯದು ಬಾಗಿಲ ಅಂಚಿನಲ್ಲಿ ಬೆಳಕು ತಡೆಯುವ ಸ್ಪಂಜು. ದಶಕಗಳು ಕಳೆದಂತೆ ಅದು ಡಾಂಬರಿನಂತೆ ಅಂಟಾಗಿ ಕರಗುತ್ತದೆ. ಚಿತ್ರದ ಅಂಚಿನಲ್ಲಿ ಕಿತ್ತಳೆ ಬಣ್ಣದ ಪಟ್ಟೆ ಬಂದರೆ ಕಾರಣ ಹೆಚ್ಚಾಗಿ ಅದೇ. ಕೆರೆದು ಹೊಸದು ಅಂಟಿಸಲು ನುರಿತವರಿಗೆ ಹೆಚ್ಚು ಹೊತ್ತು ಬೇಡ.

ಆದರೆ ನುರಿತವರು ಎಷ್ಟಿದ್ದಾರೆ? ನಾನು ಕಂಡ ರಿಪೇರಿಯವರೆಲ್ಲ ಅರವತ್ತರ ಆಚೆಯವರು. ಹೆಚ್ಚಿನವರು ಗಡಿಯಾರ ರಿಪೇರಿಯಂತೆ ಇದನ್ನೂ ಹಿರಿಯರ ಪಕ್ಕ ಕೂತು ಕಲಿತವರು. ಅವರ ಡ್ರಾಯರುಗಳಲ್ಲಿ ಸತ್ತ ಕ್ಯಾಮೆರಾಗಳಿಂದ ಬಿಚ್ಚಿದ ಸ್ಕ್ರೂ, ಸ್ಪ್ರಿಂಗು, ಗೇರುಗಳು ಮಾದರಿವಾರು ಡಬ್ಬಿಗಳಲ್ಲಿವೆ. ಕಂಪನಿಗಳು ಬಿಡಿಭಾಗ ನಿಲ್ಲಿಸಿ ಎಷ್ಟೋ ಕಾಲವಾದ್ದರಿಂದ ಆ ಡಬ್ಬಿಗಳೇ ಈಗ ಉಗ್ರಾಣ. ಇವರ ಮಕ್ಕಳು ಬೇರೆ ಕೆಲಸಕ್ಕೆ ಹೋದರು, ಅದರಲ್ಲಿ ತಪ್ಪೇನಿಲ್ಲ. ಆದರೆ ಈಗ ಬೇಡಿಕೆ ಮರಳಿರುವ ಹೊತ್ತಿನಲ್ಲಿ ಒಂದಿಬ್ಬರು ಯುವಕರು ಇವರ ಪಕ್ಕ ಸ್ಟೂಲು ಹಾಕಿಕೊಂಡು ಕೂತರೆ ಮಾತ್ರ ಮುಂದಿನ ತಲೆಮಾರಿಗೆ ಕ್ಯಾಮೆರಾ ತೆರೆಯಬಲ್ಲ ಕೈಗಳಿರುತ್ತವೆ. ರಿಪೇರಿಗೆ ಕೇಳಿದ ದುಡ್ಡಿಗೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ರೀಲಿನ ಬೆಲೆ

1990ರ ದಶಕದ ಕೊನೆಯಲ್ಲಿ ನೂರು ರೂಪಾಯಿಯ ಆಸುಪಾಸಿನಲ್ಲಿದ್ದ 36ರ ಬಣ್ಣದ ರೀಲಿಗೆ ಈಗ ಸಾವಿರದ ಆಸುಪಾಸು ಕೊಡಬೇಕು. ತೊಳೆಸಿ ಸ್ಕ್ಯಾನ್ ಮಾಡಿಸಲು ಮತ್ತೆ ಕೆಲವು ನೂರು. 1000 ಮತ್ತು 500 ಎಂದು ಹಿಡಿದರೂ ಒಂದು ಚಿತ್ರಕ್ಕೆ ಸುಮಾರು 40 ರೂಪಾಯಿ ಬೀಳುತ್ತದೆ. ರೀಲು ಪೂರ್ತಿ ಆಮದು. ಡಾಲರ್ ಏರಿದರೆ ಇದೂ ಏರುತ್ತದೆ. ಅಂಗಡಿಯವರಿಗೂ ಇದರಲ್ಲಿ ಲಾಭ ಕಡಿಮೆ, ಮಾರಾಟವಾಗದೆ ಉಳಿದರೆ ಅವಧಿ ಮುಗಿಯುವ ಭಯ ಬೇರೆ. ಹೀಗಾಗಿ ಕೆಲವರು ನಾಲ್ಕೈದು ರೀಲಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಪ್ರವಾಸದ ಹಿಂದಿನ ದಿನ ಹೋಗಿ ಕೇಳುವ ಬದಲು ವಾರ ಮುಂಚೆ ಹೇಳಿಟ್ಟರೆ ತರಿಸಿಡುತ್ತಾರೆ.

ರೀಲು ಎಲ್ಲಿಟ್ಟಿದ್ದಾರೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಿಸಿಲು ಬೀಳುವ ಶೋಕೇಸಿನಲ್ಲಿಟ್ಟ ರೀಲು ದಿನಾಂಕ ಮುಗಿಯುವ ಮೊದಲೇ ಮಂಕಾಗುತ್ತದೆ. ಫ್ರಿಜ್ಜಿನಿಂದ ತೆಗೆದುಕೊಟ್ಟರೆ ಒಳ್ಳೆಯದು. ಹಾಗೆ ತಂದ ರೀಲನ್ನು ಡಬ್ಬಿಯಲ್ಲೇ ಕೆಲವು ಗಂಟೆ ಬಿಟ್ಟು ತೆರೆಯಬೇಕು, ಇಲ್ಲದಿದ್ದರೆ ಇಬ್ಬನಿ ಕೂರುತ್ತದೆ. ದಿನಾಂಕ ಮೀರಿದ ರೀಲು ಅಗ್ಗಕ್ಕೆ ಸಿಗುತ್ತದೆ. ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಕೊಡಬೇಕೆಂಬುದು ಹವ್ಯಾಸಿಗಳ ಅಂದಾಜಿನ ಲೆಕ್ಕ. ಮದುವೆ, ನಾಮಕರಣಕ್ಕೆ ಅದನ್ನು ನಂಬಬಾರದು.

ಖರ್ಚು ತಗ್ಗಿಸಲು ಹಳಬರ ದಾರಿಯೊಂದಿದೆ. ಸುಮಾರು 30 ಮೀಟರಿನ ಕಪ್ಪು ಬಿಳುಪು ಫಿಲ್ಮಿನ ದೊಡ್ಡ ಸುರುಳಿ ತಂದು, ಖಾಲಿ ಡಬ್ಬಿಗಳಿಗೆ ಕತ್ತಲಲ್ಲಿ ಸುತ್ತಿಕೊಂಡರೆ 18ರಷ್ಟು ರೀಲು ಆಗುತ್ತವೆ. ಮೂರ್ನಾಲ್ಕು ಗೆಳೆಯರು ಸೇರಿ ತರಿಸಿ, ಅಂಗಡಿಯವರ ಹತ್ತಿರ ಸುತ್ತಿಸಿಕೊಳ್ಳುವುದುಂಟು.

ಸಿನಿಮಾ ಫಿಲ್ಮನ್ನೂ ಹೀಗೆ ಸುತ್ತಿ ಮಾರುತ್ತಾರೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಲವು ಬಣ್ಣದ ಸಿನಿಮಾ ಫಿಲ್ಮುಗಳ ಬೆನ್ನಿಗೆ ರೆಮ್‌ಜೆಟ್ ಎಂಬ ಮಸಿಯ ಪದರವಿರುತ್ತದೆ. ಅದನ್ನು ತೆಗೆಯದ ರೀಲು ಸಾಮಾನ್ಯ ಲ್ಯಾಬಿನ ಯಂತ್ರದೊಳಗೆ ಹೋದರೆ ಮಸಿ ಕಿತ್ತುಬಂದು ತೊಟ್ಟಿಯನ್ನೆಲ್ಲ ಹಾಳುಮಾಡುತ್ತದೆ. ನಿಮ್ಮದರ ಜೊತೆಗೆ ಇತರರ ರೀಲುಗಳೂ ಕೆಡುತ್ತವೆ. ನಿಮ್ಮ ರೀಲು ಯಾವುದೆಂದು ಖಚಿತವಿಲ್ಲದಿದ್ದರೆ ಕೊಡುವ ಮೊದಲೇ ಹೇಳಿ. ಡಬ್ಬಿಯ ಮೇಲೆ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ನೆಗೆಟಿವ್ ಬಿಟ್ಟುಹೋಗುವವರು

ಈಗಿನ ಗಿರಾಕಿಗಳಲ್ಲಿ ಬಹಳ ಮಂದಿಗೆ ಬೇಕಾಗಿರುವುದು ಸ್ಕ್ಯಾನ್ ಮಾತ್ರ. ಚಿತ್ರಗಳು ಫೋನಿಗೆ ಬಂದೊಡನೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನೆಗೆಟಿವ್ ಪಟ್ಟಿಗಳು ಅಂಗಡಿಯಲ್ಲೇ ಉಳಿಯುತ್ತವೆ. ಲ್ಯಾಬಿನವರು ಕೆಲವು ತಿಂಗಳು ಕಾಯುತ್ತಾರೆ, ಆಮೇಲೆ ಜಾಗವಿಲ್ಲದೆ ಎಸೆಯುತ್ತಾರೆ. ಇದು ಬಹಳ ದೊಡ್ಡ ನಷ್ಟ. ಫೋನಿಗೆ ಬರುವ ಸ್ಕ್ಯಾನ್ ನೆಗೆಟಿವ್‌ನಲ್ಲಿರುವ ವಿವರದ ಒಂದು ಭಾಗ ಅಷ್ಟೇ. ಮುಂದೆ ಉತ್ತಮ ಸ್ಕ್ಯಾನರ್ ಬಂದಾಗ, ಗೋಡೆಯಳತೆಯ ಪ್ರಿಂಟ್ ಬೇಕೆನಿಸಿದಾಗ ಮರಳಿ ಹೋಗಬೇಕಾದದ್ದು ನೆಗೆಟಿವ್‌ಗೆ. ಸತ್ಯನ್ ಅವರ ಚಿತ್ರಗಳನ್ನು ಬೆಂಗಳೂರಿನ ಮ್ಯಾಪ್ ಸಂಗ್ರಹಾಲಯ ಇವತ್ತು ಕಾಪಿಡುತ್ತಿದೆ ಎಂದರೆ, ಯಾರೋ ಅವನ್ನು ದಶಕಗಳ ಕಾಲ ಜೋಪಾನ ಮಾಡಿದ್ದಾರೆ.

ತಂದ ನೆಗೆಟಿವ್‌ಗಳನ್ನು ಬಟರ್ ಪೇಪರಿನಂಥ ಕವರಿನಲ್ಲಿ, ತಿಂಗಳು ಊರು ಬರೆದು, ತೇವವಿಲ್ಲದ ಕಡೆ ಇಡಿ. ಸುರುಳಿ ಸುತ್ತಿ ಡಬ್ಬಿಯಲ್ಲಿ ತುರುಕಬೇಡಿ. ಅಡುಗೆಮನೆಯ ಅಟ್ಟ, ಹೊರಗೋಡೆಗೆ ತಾಗಿದ ಬೀರು ಬೇಡ.

ಇದರ ಇನ್ನೊಂದು ಮುಖ ಸ್ಟುಡಿಯೊಗಳ ಅಟ್ಟದಲ್ಲಿದೆ. ನಲವತ್ತು ಐವತ್ತು ವರ್ಷ ನಡೆದ ಸ್ಟುಡಿಯೊ ಎಂದರೆ ಒಂದು ಊರಿನ ಮದುವೆಗಳು, ಶಾಲೆಯ ಗುಂಪು ಚಿತ್ರಗಳು, ಜಾತ್ರೆಗಳು, ರೇಷನ್ ಕಾರ್ಡಿಗೆ ತೆಗೆಸಿದ ಮುಖಗಳು ಎಲ್ಲವೂ ಅಲ್ಲಿವೆ. ಫಿಲ್ಮಿನಲ್ಲಿ ಬೆಳ್ಳಿ ಇರುವುದರಿಂದ ಹಳೆಯ ಕಪ್ಪು ಬಿಳುಪು ನೆಗೆಟಿವ್‌ಗಳನ್ನು ತೂಕಕ್ಕೆ ಕೊಳ್ಳುವವರಿದ್ದಾರೆ. ಎಕ್ಸ್‌ರೇ ಫಿಲ್ಮ್ ಕೊಳ್ಳುವಂತೆಯೇ ಅವನ್ನೂ ಕೊಂಡು ಬೆಳ್ಳಿ ತೆಗೆಯುತ್ತಾರೆ. ಅಂಗಡಿ ಮುಚ್ಚುವಾಗ, ಕಟ್ಟಡ ಕೆಡವುವಾಗ ಎಷ್ಟೋ ಊರಿನ ಚಿತ್ರಗಳು ಹೀಗೆ ಹೋಗಿವೆ.

ಮನೆಯಲ್ಲಿ ಅಜ್ಜಿ ತಾತನ ಹಳೆಯ ಕ್ಯಾಬಿನೆಟ್ ಸೈಜಿನ ಫೋಟೊ ಇದ್ದರೆ ತಿರುಗಿಸಿ ನೋಡಿ. ಬೆನ್ನಿಗೆ ಸ್ಟುಡಿಯೊದ ರಬ್ಬರ್ ಮುದ್ರೆ ಇರುತ್ತದೆ, ಪಕ್ಕದಲ್ಲಿ ಕೈಬರಹದ ಒಂದು ಸಂಖ್ಯೆ. ಆ ಸಂಖ್ಯೆ ಹೇಳಿದರೆ ಯಾವಾಗ ಬೇಕಾದರೂ ಹೆಚ್ಚಿನ ಪ್ರತಿ ಹಾಕಿಕೊಡುತ್ತೇವೆ ಎಂಬ ಭರವಸೆ ಅದು. ಸ್ಟುಡಿಯೊ ಇನ್ನೂ ಇದ್ದರೆ ಫೋಟೊ ಹಿಡಿದುಕೊಂಡು ಹೋಗಿ, ಆ ಸಂಖ್ಯೆಯ ನೆಗೆಟಿವ್ ಉಳಿದಿದೆಯೇ ಎಂದು ಕೇಳಿ. ಎಷ್ಟೋ ಮಾಲೀಕರು ರಿಜಿಸ್ಟರನ್ನು ಇನ್ನೂ ಎಸೆದಿಲ್ಲ. ಇದೇ ವರ್ಷ ಹೋಗಿ ಕೇಳುವುದು ಒಳ್ಳೆಯದು.